ಒಂದು ತಂಡಕ್ಕೆ ಒಬ್ಬನೇ ಗೋಲ್‌ಕೀಪರ್

ಒಂದು ತಂಡಕ್ಕೆ ಒಬ್ಬನೇ. ಇಬ್ಬರ ಹೆಸರು ಹೇಳಿ ಜಾರಿಕೊಳ್ಳುವಂತಿಲ್ಲ. ‘ಅವನೂ ಒಳ್ಳೆಯವನೇ, ಇವನೂ ಒಳ್ಳೆಯವನೇ’ ಎನ್ನುವ ಬೀಗರ ಮನೆಯ ಮಾತಿಗೆ ಜಾಗವಿಲ್ಲ. ಡೊಂಬಿವಲಿಯಿಂದ ಹೊರಡುವ ಬೆಳಗಿನ ಫಾಸ್ಟ್ ಲೋಕಲ್ಲಿನಲ್ಲಿ ನಮ್ಮ ಗುಂಪಿನ ಹಾಕಿ ಚರ್ಚೆಗೆ ಇದ್ದ ಕಾನೂನು ಇದೊಂದೇ. ಅದನ್ನು ಮಾಡಿದವರು ಅಣ್ಣ.

ಉಡುಪಿ ಕಡೆಯವರೆಲ್ಲ ಹೋಟೆಲಿನವರೇ ಎಂಬ ನಂಬಿಕೆಯಿಂದ ಗಾಡಿಯ ಮರಾಠಿ ಗೆಳೆಯರು ಅವರನ್ನು ‘ಅಣ್ಣಾ’ ಎಂದರು, ನಮಗೂ ಅದೇ ರೂಢಿಯಾಯಿತು. ಅವರು ಹೋಟೆಲಿನ ಗಲ್ಲಾದಲ್ಲಿ ಒಂದು ದಿನವೂ ಕೂತವರಲ್ಲ. ತುರ್ಭೆಯ ಒಂದು ರಾಸಾಯನಿಕ ಕಂಪನಿಯಲ್ಲಿ ಗುಮಾಸ್ತರಾಗಿ ಸೇರಿ, ಅದರ ಹಾಕಿ ತಂಡದಲ್ಲಿ ಗೋಲ್‌ಕೀಪರ್ ಆಗಿ, ಆಟ ಬಿಟ್ಟ ಮೇಲೆ ಮುಂಬಯಿಯ ಹೆಡ್ಡಾಫೀಸಿಗೆ ವರ್ಗವಾಗಿ ಬಂದವರು. ಈ ವರ್ಷ ಮಾವಿನಹಣ್ಣು ಮಾರುಕಟ್ಟೆಗೆ ಬರುವ ಹೊತ್ತಿಗೆ ತೀರಿಕೊಂಡರು. ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಮಾಡಿದ ಅನರ್ಥ ಸಾಕು.

ಆಗಿನ ಮುಂಬಯಿಯ ಹಾಕಿ ಎಂದರೆ ಆಫೀಸುಗಳ ಹಾಕಿ. ಬ್ಯಾಂಕು, ಬಂದರು, ಪೊಲೀಸು, ಮಿಲ್ಲು, ಕಾರ್ಖಾನೆ, ಎಲ್ಲರಿಗೂ ಒಂದೊಂದು ತಂಡ. ಆಡುವುದಕ್ಕೇ ಸಂಬಳ. ನಮ್ಮ ಗುಂಪಿನಲ್ಲಿ ಆಡಿದವರು ಅಣ್ಣ ಒಬ್ಬರೇ, ಉಳಿದ ನಾವೆಲ್ಲ ಬೇಲಿಯ ಹೊರಗೆ ನಿಂತು ಕೂಗಿದವರು. ಕೂಗಿದವರಿಗೇ ನೆನಪು ಹೆಚ್ಚು, ಗಂಟಲೂ ಹೆಚ್ಚು. ಪೊಲೀಸ್ ತಂಡದ ಸರ್ವಶ್ರೇಷ್ಠ ಗೋಲ್‌ಕೀಪರ್ ಯಾರು ಎಂಬ ಒಂದೇ ಪ್ರಶ್ನೆಗೆ ನಾವು ಮೂರು ವಾರ ಕಚ್ಚಾಡಿದ್ದೇವೆ. ಬ್ಯಾಂಕಿನ ತಂಡದ ಪ್ರಶ್ನೆ ಬಂದಾಗ, ಆ ಬ್ಯಾಂಕಿನಲ್ಲೇ ಕೆಲಸ ಮಾಡುತ್ತಿದ್ದ ಜೋಶಿ ಎರಡು ದಿನ ನಮ್ಮ ಜೊತೆ ಮಾತು ಬಿಟ್ಟು ಪಕ್ಕದ ಡಬ್ಬಿಯಲ್ಲಿ ನಿಂತು ಹೋದದ್ದೂ ಉಂಟು.

ಅಣ್ಣ ಕೂಗುತ್ತಿರಲಿಲ್ಲ. ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧ ಕುಂಡೆ ಊರಿ ಕೂತು, ಎಲ್ಲರ ವಾದ ಮುಗಿಯಲಿ ಎಂದು ಕಾಯುತ್ತಿದ್ದರು. ಕಿಟಕಿಯ ಸೀಟು ಖಾಲಿ ಇದ್ದರೂ ಕೂರುತ್ತಿರಲಿಲ್ಲ. ಠಾಣೆ ಬಂದ ಕೂಡಲೇ ಎದ್ದು, ನಿಂತವರಿಗೆ ಜಾಗ ಬಿಟ್ಟುಕೊಟ್ಟು, ಮೊಣಕಾಲನ್ನು ತುಸು ಬಗ್ಗಿಸಿ ನಿಲ್ಲುವರು. ಹಿಡಿಕೆ ಹಿಡಿಯುತ್ತಿರಲಿಲ್ಲ. ಗಾಡಿ ಎಷ್ಟೇ ಜೋರಾಗಿ ಅಲುಗಿದರೂ ಅವರು ಯಾರ ಮೈಮೇಲೂ ಬಿದ್ದದ್ದನ್ನು ನಾನು ಕಾಣೆ. ಅವರ ಇನ್ನೊಂದು ಚಾಳಿ ನಮಗೆ ನಗೆಯ ವಿಷಯ. ಯಾರ ಕೈಯಿಂದ ಏನು ಜಾರಿದರೂ, ಕಿತ್ತಳೆಯೋ ಟಿಫಿನ್ ಡಬ್ಬಿಯ ಮುಚ್ಚಳವೋ, ಮೊದಲು ಅವರ ಕಾಲು ಹೋಗಿ ಅದನ್ನು ತಡೆಯುತ್ತಿತ್ತು. ಆಮೇಲೆ ಕೈ. ಒಮ್ಮೆ ಒಬ್ಬರ ಪೂಜೆಯ ತೆಂಗಿನಕಾಯಿ ಉರುಳಿದಾಗ ಹಾಗೇ ಕಾಲಿನಿಂದ ತಡೆದು, ಆಮೇಲೆ ನಾಲಗೆ ಕಚ್ಚಿಕೊಂಡು ಕಾಯಿಯನ್ನು ಕಣ್ಣಿಗೊತ್ತಿ ಕೊಟ್ಟರು.

ತೀರ್ಪು ಹೇಳುವಾಗ ಕಾರಣ ಹೇಳುವರು. ಆ ಕಾರಣಗಳನ್ನು ಕೇಳುವುದಕ್ಕೇ ನಾನು ಆ ಗಾಡಿ ತಪ್ಪಿಸುತ್ತಿರಲಿಲ್ಲ.

“ಹಾರಿ ಹಾರಿ ಹಿಡಿಯುವವ ದೊಡ್ಡ ಕೀಪರ್ ಅಲ್ಲ ಮಾರಾಯ್ರೆ,” ಎನ್ನುವರು. “ಹಾರ್ಲಿಕ್ಕೆ ಬಂತು ಅಂದ್ರೆ ನಿಂತ ಜಾಗವೇ ತಪ್ಪು ಅಂತ ಅರ್ಥ. ಬಂದರಿನವರ ಆ ಉದ್ದದ ಮನುಷ್ಯ ಉಂಟಲ್ಲ, ಅವ ಹಾರಿದ್ದು ನಾನು ನೋಡ್ಲೇ ಇಲ್ಲ. ಬಾಲು ಬಂದು ಅವನ ಕಾಲಿಗೆ ಬೀಳ್ತದೆ. ಬಾಲಿಗೇ ಅವನ ಮೇಲೆ ಪ್ರೀತಿ ಅಂತ ಜನ ಹೇಳ್ತಿದ್ರು. ಪ್ರೀತಿ ಎಂತದು? ಅವ ಅಲ್ಲಿ ಮೊದಲೇ ಹೋಗಿ ನಿಂತಿದ್ದ, ಅಷ್ಟೇ.”

ಮತ್ತೊಂದು ಮಾತು: “ಗೋಲು ಹೊಡೆದವನನ್ನು ಊರು ನೆನಪಿಡ್ತದೆ, ಬಿಟ್ಟವನನ್ನು ಎರಡು ಊರು ನೆನಪಿಡ್ತದೆ. ತಡೆದದ್ದು ನೆನಪಿರುವುದು ಕೀಪರನಿಗೆ ಮಾತ್ರ.”

ಹೀಗೆ ಬಂದರು, ಪೊಲೀಸು, ಮಿಲ್ಲು ಎಲ್ಲ ಮುಗಿದು ಅವರದೇ ಕಂಪನಿಯ ಸರದಿ ಬಂದಾಗ ಚರ್ಚೆಗೆ ಏನೂ ಇರುತ್ತಿರಲಿಲ್ಲ. ನಮ್ಮೆಲ್ಲರ ಉತ್ತರ ಅಣ್ಣ. ಆ ಕಂಪನಿ ತನ್ನ ಇಡೀ ಆಯುಷ್ಯದಲ್ಲಿ ಗೆದ್ದ ದೊಡ್ಡ ಕಪ್ಪು ಒಂದೇ, ಆ ಫೈನಲ್ಲಿನಲ್ಲಿ ಗೋಲಿನಲ್ಲಿ ನಿಂತವರು ಅಣ್ಣ. ಜೋಶಿಯ ಬ್ಯಾಂಕೇ ಸೋತದ್ದು. ಸೋತವನ ಬಾಯಿಂದ ಬಂದ ಹೊಗಳಿಕೆಗೆ ತೂಕ ಹೆಚ್ಚಲ್ಲವೇ? ಜೋಶಿ ಎದ್ದು ನಿಂತು, ನಡುದಾರಿಯಲ್ಲಿ ಕಾಲಗಲಿಸಿ, ಅಣ್ಣ ಮೂರು ಪೆನಲ್ಟಿ ಸ್ಟ್ರೋಕುಗಳನ್ನು ಹೇಗೆ ತಡೆದರೆಂದು ತೋರಿಸುತ್ತಿದ್ದ. ಒಂದು ಬಲಗಾಲಿಗೆ, ಒಂದು ಕೈಗೆ, ಕೊನೆಯದು ಹೆಲ್ಮೆಟ್ಟಿಗೆ.

ಅಣ್ಣ ತಲೆ ಅಲ್ಲಾಡಿಸುವರು. “ನಾನು ಒಂಬತ್ತು ವರ್ಷ ಬೆಂಚಿನಲ್ಲಿ ಕೂತವ. ಆಡಿದ್ದು ಅಲ್ಲೊಂದು ಇಲ್ಲೊಂದು ಮ್ಯಾಚು. ನಮ್ಮ ತಂಡದ ಕೀಪರ್ ಅಂದ್ರೆ ದಿವಾದವ. ಲೋಡಿಂಗ್‌ನಲ್ಲಿ ಇದ್ದ, ಮನೆ ದಿವಾ ಸ್ಟೇಶನ್ ಹತ್ರ. ಬರೆದುಕೊಳ್ಳಿ, ದಿವಾದವ.” ಅಷ್ಟು ಹೇಳಿ ಬ್ಯಾಗನ್ನು ಎತ್ತಿಕೊಂಡು ಬಾಗಿಲ ಕಡೆ ನಡೆಯುವರು. ಇಳಿಯುವ ನಿಲ್ದಾಣ ಇನ್ನೂ ಇಪ್ಪತ್ತು ನಿಮಿಷ ಇರುತ್ತಿತ್ತು.

ನಾವು ಅದನ್ನು ವಿನಯ ಎಂದುಕೊಂಡೆವು. ನಾನಂತೂ ಮನೆಗೆ ಬಂದು ಹೆಂಡತಿಯ ಮುಂದೆ, “ದೊಡ್ಡವರು ಅಂದ್ರ ಹಿಂಗ ಇರಬೇಕು ನೋಡು,” ಎಂದು ಎಷ್ಟು ಸಲ ಹೇಳಿದ್ದೇನೋ. ಧಾರವಾಡದ ಕಡೆಯವನಾದ ನನಗೆ ಯಾರನ್ನಾದರೂ ಮೆಚ್ಚಿದರೆ ಸುಮ್ಮನಿರಲು ಬರುವುದಿಲ್ಲ. ಡಂಗುರ ಸಾರಬೇಕು.

ಸಾರುವುದಕ್ಕೆ ಅವಕಾಶವೂ ಸಿಕ್ಕಿತು. ನಿವೃತ್ತಿಯಾದ ಮೇಲೆ ನಾನು ನಮ್ಮ ಬಡಾವಣೆಯ ಕನ್ನಡ ಸಂಘದ ಸ್ಮರಣ ಸಂಚಿಕೆಯ ಸಂಪಾದಕನಾದೆ. ವರ್ಷಕ್ಕೊಂದು ಸಂಚಿಕೆ, ರಾಜ್ಯೋತ್ಸವಕ್ಕೆ ಬಿಡುಗಡೆ. ಅದರಲ್ಲಿ ಹೋಳಿಗೆ ಮಾಡುವ ವಿಧಾನ, ಸದಸ್ಯರ ಮಕ್ಕಳ ಫೋಟೋ, ಅಧ್ಯಕ್ಷರ ಕವಿತೆ ಬಿಟ್ಟು ಓದುವಂಥದ್ದು ಏನೂ ಇರುತ್ತಿರಲಿಲ್ಲ. ಒಂದಾದರೂ ಹೊಸ ಲೇಖನ ಇರಲಿ ಎಂದು, ಎಂಟು ತಂಡಗಳು, ಎಂಟು ಶ್ರೇಷ್ಠ ಗೋಲ್‌ಕೀಪರುಗಳು ಎಂಬ ಲೇಖನ ಯೋಚಿಸಿ ಅಣ್ಣನವರ ಮನೆಗೆ ಹೋದೆ. ಅವರು ಹುರುಪಿನಿಂದ ಒಪ್ಪಿದರು. ವಾರದಲ್ಲಿ ಎಂಟು ಹಾಳೆ ಬರೆದು ಕೊಟ್ಟರು, ಗುಂಡಗಿನ ಅಕ್ಷರ, ಒಂದು ಹಾಳೆಗೆ ಒಬ್ಬ. ಎಂಟನೆಯ ಹಾಳೆಯಲ್ಲಿ ದಿವಾದವರ ಹೆಸರಿತ್ತು. ಬೇರೆಯವರಿಗೆ ಅರ್ಧ ಪುಟ, ದಿವಾದವರಿಗೆ ಪುಟದ ಎರಡೂ ಕಡೆ.

ಆ ಹಾಳೆಯನ್ನು ನಾನು ತೆಗೆದಿಟ್ಟೆ. ಅದರ ಜಾಗದಲ್ಲಿ ಅಣ್ಣನವರ ಮೇಲೆ ನಾನೇ ಬರೆದೆ, ಅವರ ಮಗಳಿಂದ ಗುಟ್ಟಾಗಿ ಹಳೆಯ ಫೋಟೋ ತರಿಸಿ ಹಾಕಿದೆ. ಕನ್ನಡ ಸಂಘದ ಸಂಚಿಕೆ. ಎಂಟು ಜನರಲ್ಲಿ ನಮ್ಮವರು ಒಬ್ಬರಾದರೂ ಬೇಡವೇ? ಅವರು ಬೇಡವೆನ್ನುತ್ತಾರೆಂದು ಹೇಳದೇ ಮಾಡಿದೆ. ಸಂಘದ ಕಾರ್ಯದರ್ಶಿಗಳು, ಮೈಸೂರಿನವರು, ಇನ್ನೊಂದು ಹೆಜ್ಜೆ ಮುಂದೆ ಹೋಗಿ ಶಾಲು ಹೂಹಾರ ತರಿಸಿದರು. ರಾಜ್ಯೋತ್ಸವದ ದಿನ ಪ್ರೇಕ್ಷಕರ ನಡುವೆ ಕೂತಿದ್ದ ಅಣ್ಣನವರನ್ನು ಹೆಸರು ಹಿಡಿದು ವೇದಿಕೆಗೆ ಕರೆದರು. ಅವರು ಏಳಲಿಲ್ಲ. ಇಬ್ಬರು ಹೋಗಿ ತೋಳು ಹಿಡಿದು ಕರೆತಂದರು. ಶಾಲು ಹೊದಿಸುವಾಗ ಅವರ ಕೈ ಎರಡೂ ಪಕ್ಕಕ್ಕೆ ಇಳಿಬಿದ್ದಿದ್ದವು. ಆನಂದಕ್ಕೆ ಮಾತು ಹೊರಡದ ಹಾಗಾಗಿದೆ ಎಂದು ಕಾರ್ಯದರ್ಶಿಗಳು ಮೈಕಿನಲ್ಲಿ ಹೇಳಿದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ಮರುವಾರ ಭಾನುವಾರ ಬೆಳಿಗ್ಗೆ ಅಣ್ಣ ನಮ್ಮ ಮನೆಗೆ ಬಂದರು. ಕೈಯಲ್ಲಿ ಸಂಚಿಕೆ.

“ನಾನು ಬರೆದು ಕೊಟ್ಟದ್ದು ಇದಲ್ಲ,” ಎಂದರು.

“ತಪ್ಪಾತ್ರಿ ಅಣ್ಣಾ, ನಿಮ್ಮನ್ನ ಕೇಳಬೇಕಾಗಿತ್ತು,” ಎಂದೆ ನಗುತ್ತ. “ಆದ್ರ ಸುಳ್ಳೇನ ಬರದಿಲ್ಲಲ್ಲ?”

“ಸುಳ್ಳೇ ಮಾರಾಯ್ರೆ.”

ಆಮೇಲೆ ಚಹಾ ಮುಟ್ಟದೆ, ನನ್ನ ಮುಖ ನೋಡದೆ, ನೆಲವನ್ನೇ ನೋಡುತ್ತ ಹೇಳಿದರು. ನಾನು ಅವರು ಹೇಳಿದಷ್ಟನ್ನೇ ಬರೆಯುತ್ತೇನೆ.

ಆ ಫೈನಲ್ಲು ಸಂಜೆ ನಾಲ್ಕಕ್ಕೆ ನಿಗದಿಯಾಗಿತ್ತು. ಹಿಂದಿನ ದಿನ ಸಾಯಂಕಾಲ ತಂಡದ ಮ್ಯಾನೇಜರಿಗೆ ಫೋನು ಬಂತು, ಪಂದ್ಯ ಎರಡು ಗಂಟೆಗೇ ಶುರು. ದಿವಾದವರು ಬೆಳಗಿನ ಪಾಳಿ ಮುಗಿಸಿ ಮನೆಗೆ ಹೋಗಿದ್ದರು. ಅವರಿದ್ದ ವಠಾರದಂಥ ಚಾಳಿನಲ್ಲಿ ಫೋನು ಎಲ್ಲಿಂದ ಬರಬೇಕು? ಅಣ್ಣ ಡೊಂಬಿವಲಿಗೆ ಹೋಗುವವರು, ದಿವಾ ದಾರಿಯಲ್ಲೇ ಇದೆ. “ಇಳಿದು ಅವನಿಗೆ ಹೇಳಿ ಹೋಗು,” ಎಂದು ಮ್ಯಾನೇಜರು ಹೇಳಿದರು. ಅಣ್ಣ ತುರ್ಭೆಯಿಂದ ಬಸ್ಸಿನಲ್ಲಿ ಠಾಣೆಗೆ ಬಂದರು. ದಿನಾ ಹತ್ತುವ ಫಾಸ್ಟ್ ಗಾಡಿ ಬಂತು, ದಿನದ ಹಾಗೆ ಹತ್ತಿದರು. ಆಗ ಫಾಸ್ಟ್ ಗಾಡಿಗಳು ದಿವಾದಲ್ಲಿ ನಿಲ್ಲುತ್ತಿರಲಿಲ್ಲ, ಎಲ್ಲ ಸ್ಟೇಶನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಹಿಡಿಯಬೇಕಿತ್ತು.

“ಕಾಲಿಗೆ ಅಭ್ಯಾಸ. ಸುರಂಗ ದಾಟಿದ ಮೇಲೆ ನೆನಪಾಯ್ತು. ಅಷ್ಟರಲ್ಲಿ ದಿವಾ ಸರ್ರಂತ ಹೋಯ್ತು. ಡೊಂಬಿವಲಿಯಲ್ಲಿ ಇಳಿದೆ. ಎದುರು ಪ್ಲಾಟ್‌ಫಾರ್ಮಿನಲ್ಲಿ ಠಾಣೆಗೆ ಹೋಗುವ ಸ್ಲೋ ನಿಂತಿತ್ತು. ದಿವಾಕ್ಕೆ ಒಂದೇ ಸ್ಟೇಶನ್. ಸೇತುವೆ ಹತ್ತಿ ಇಳಿದ್ರೆ ಆಯ್ತು. ನಾನು ಆ ಗಾಡಿ ಹೋಗುವವರೆಗೆ ನೋಡ್ತಾ ನಿಂತೆ. ಮತ್ತೆ ಮನೆಗೆ ಹೋಗಿ ಕಾಲು ತೊಳೆದು ಊಟ ಮಾಡಿದೆ.” ಕೈಯಲ್ಲಿದ್ದ ಸಂಚಿಕೆಯನ್ನು ಸುರುಳಿ ಸುತ್ತುತ್ತ, “ಫಾಸ್ಟ್ ಹತ್ತಿದ್ದು ತಪ್ಪಿ. ಸ್ಲೋ ಹತ್ತದೇ ಇದ್ದದ್ದು ತಪ್ಪಿ ಅಲ್ಲ,” ಎಂದರು.

ಮರುದಿನ ಮೈದಾನದಲ್ಲಿ ಮ್ಯಾನೇಜರು ಕೇಳಿದರು, “ಹೇಳಿದ್ದೀಯಲ್ಲ?” ಅಣ್ಣ ಹೂಂ ಎಂದರು. ಎರಡಕ್ಕೆ ಆಟ ಶುರುವಾಯಿತು. ದಿವಾದವರು ಕಿಟ್ ಬ್ಯಾಗು ಹೊತ್ತು ಬಂದಾಗ ಮೂರು ದಾಟಿತ್ತು. ಯಾರೂ ಅವರ ಮಾತು ಕೇಳಲಿಲ್ಲ. “ಖಬರು ಕಳಿಸಿದ್ದೆ, ನೀನು ಕುಡಿದು ಬಿದ್ದಿರಬೇಕು,” ಎಂದು ಮ್ಯಾನೇಜರು ಬೈದರು. ಯಾರ ಕೈಲಿ ಕಳಿಸಿದ್ದು ಎಂದು ಹೇಳಲಿಲ್ಲ. ದಿವಾದವರು ರಜಾದಿನಗಳಲ್ಲಿ ಕುಡಿಯುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ನಂಬುವುದು ಸುಲಭವಾಯಿತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಕಪ್ಪು ಗೆದ್ದ ಮೇಲೆ ಇಡೀ ತಂಡ ಕಾಯಂ ಆಯಿತು, ಅವರೊಬ್ಬರನ್ನು ಬಿಟ್ಟು. ಕುಡಿತದಿಂದ ಪಂದ್ಯಕ್ಕೆ ಗೈರುಹಾಜರು ಎಂದು ಕಾಗದದಲ್ಲೇ ಬರೆದು ಕಳಿಸಿದರು. ಆಮೇಲೆ ಅವರು ಆಯುಷ್ಯವೆಲ್ಲ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತರು.

“ಅವನ ಹೆಂಡತಿ ಇವತ್ತಿಗೂ ಅದನ್ನೇ ನಂಬಿದ್ದಾಳೆ,” ಎಂದರು ಅಣ್ಣ. “ನಾನು ತಿಂಗಳಿಗೊಂದು ಭಾನುವಾರ ಅವರಲ್ಲಿಗೆ ಹೋಗ್ತೇನೆ. ಹೇಳಬೇಕು ಅಂತಲೇ ಹೋಗುವುದು. ಅವಳು ಚಾ ತಂದಿಡ್ತಾಳೆ. ‘ಭಾವೋಜಿ, ಇವರು ಅವತ್ತೊಂದು ದಿನ ಕುಡಿಯದೇ ಇದ್ದಿದ್ರೆ ನಾವೂ ನಿಮ್ಮ ಹಾಗೆ ಇರ್ತಿದ್ದೆವು’ ಅಂತಾಳೆ. ಪ್ರತಿ ಸಲ ಅಂತಾಳೆ. ಅವ ತಲೆ ತಗ್ಗಿಸ್ತಾನೆ. ನಾನು ಚಾ ಕುಡೀತೇನೆ.”

ನಿಜ ಹೇಳಿಬಿಡುತ್ತೇನೆ. ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ದಿವಾದವರ ಮೇಲಿನ ಕನಿಕರವಲ್ಲ. ಲೇಖನ ಕೆಟ್ಟುಹೋಯಿತಲ್ಲ ಎಂಬ ಸಿಟ್ಟು. ಇಪ್ಪತ್ತು ವರ್ಷ ನಾನು ತಲೆಯ ಮೇಲೆ ಹೊತ್ತು ಕುಣಿದ ಮನುಷ್ಯ ಇವನೇನು ಎಂಬ ಸಿಟ್ಟು. ಎದುರಿಗೆ ಕೂತ ಎಪ್ಪತ್ತು ದಾಟಿದವರಿಗೆ ಬಯ್ಯಲು ಬಾಯಿ ಬರಲಿಲ್ಲ.

“ಈಗ ನಾ ಏನ್ ಮಾಡ್ಲಿ ಹೇಳ್ರಿ,” ಎಂದೆ.

“ಅಚ್ಚು ಮಾಡಿ. ನಾನು ಬರೆದ ಹಾಳೆ ನಿಮ್ಮತ್ರ ಉಂಟಲ್ಲ, ಅದನ್ನೂ ಹಾಕಿ, ಈಗ ಹೇಳಿದ್ದನ್ನೂ ಹಾಕಿ. ನನ್ನ ಹೆಸರಿನಲ್ಲೇ.”

“ಅವರಿಗೆ ಕನ್ನಡ ಓದಾಕ ಬರ್ತದೇನ್ರಿ?”

“ಇಲ್ಲ. ನಾನೇ ಓದಿ ಹಿಂದಿಯಲ್ಲಿ ಹೇಳ್ತೇನೆ. ಬಾಯಿ ಬಿಟ್ಟು ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ, ಇಷ್ಟು ವರ್ಷ ನೋಡಿದೆ. ಓದುದಾದ್ರೆ ಕಣ್ಣು ಪುಸ್ತಕದ ಮೇಲೆ ಇರ್ತದೆ ಅಲ್ವಾ? ಅವಳ ಮುಖ ನೋಡಬೇಕಂತ ಇಲ್ಲ.”

“ಮುಂದಿನ ಸಂಚಿಕೆಗೆ ಹಾಕ್ತೀನಿ,” ಎಂದೆ.

“ಅಷ್ಟು ದಿನ?”

“ವರ್ಷಕ್ಕ ಒಂದೇ ಸಂಚಿಕೆ ಅಲ್ರಿ ಅಣ್ಣಾ.”

ಅವರು ತಲೆಯಾಡಿಸಿ ಎದ್ದರು. ಮೆಟ್ಟಿಲಿಳಿಯುವಾಗ ಗೋಡೆಯನ್ನು ಹಿಡಿದುಕೊಂಡರು. ಲೋಕಲ್ಲಿನಲ್ಲಿ ಹಿಡಿಕೆ ಹಿಡಿಯದ ಮನುಷ್ಯ.

ಆ ಎರಡು ಹಾಳೆಯ ವಿಷಯವನ್ನು ಸ್ಟೇಷನ್ನಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಟೈಪು ಮಾಡಿಸಿ ಅವತ್ತೇ ಕೈಗೆ ಕೊಡಬಹುದಿತ್ತು. ಅದು ನನಗೆ ಹೊಳೆಯಲಿಲ್ಲ ಎಂದು ಹೇಳಿಕೊಳ್ಳುತ್ತ ಬಂದಿದ್ದೇನೆ. ಹೊಳೆಯಲಿಲ್ಲವೋ, ನಾನೇ ಅದನ್ನು ದೂರ ಇಟ್ಟೆನೋ, ಈಗ ಹೇಳಲಾರೆ.

ಅಣ್ಣ ನಡುನಡುವೆ ಫೋನು ಮಾಡುವರು. ಯುಗಾದಿಗೆ ಮಾಡಿದರು, ಮಳೆ ಹಿಡಿದ ಮೇಲೆ ಮಾಡಿದರು. “ಬರೆದಾಯ್ತಾ? ಪ್ರೂಫ್ ಯಾವಾಗ ಬರ್ತದೆ?” ನಾನು, “ಇನ್ನೂ ಟೈಮ್ ಅದ ಅಣ್ಣಾ,” ಎನ್ನುವೆ. ಆಮೇಲೆ ಫೋನು ನಿಂತಿತು. ದಸರೆಯ ಹೊತ್ತಿಗೆ ಒಂದು ಪುಟ ಬರೆದು ಕಾರ್ಯದರ್ಶಿಗಳ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿದರು.

“ಸಾರ್, ಇದೇ ವೇದಿಕೆ ಮೇಲೆ ಶಾಲು ಹೊದಿಸಿದೀವಿ. ಈಗ ಇದನ್ನ ಹಾಕಿದ್ರೆ ಅವರ ಮರ್ಯಾದೆನೂ ಹೋಗತ್ತೆ, ಸಂಘದ್ದೂ ಹೋಗತ್ತೆ. ಯಾವ ಕಾಲದ್ದೋ ಮ್ಯಾಚು. ಯಾರಿಗೆ ಏನು ನಷ್ಟ ಹೇಳಿ? ಮುಂದಿನ ವರ್ಷ ನೋಡೋಣ ಬಿಡಿ.”

ನಾನು ಜಗಳವಾಡಲಿಲ್ಲ. ಪುಟವನ್ನು ಮಡಚಿ ಜೇಬಿಗಿಟ್ಟುಕೊಂಡೆ. ಮನಸ್ಸಿಗೆ ಹಗುರವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಗುರವಾದದ್ದು ಹೌದು. ಬೈಸಿಕೊಳ್ಳುವ ತಯಾರಿಯಲ್ಲೇ ಅಣ್ಣನವರಿಗೆ ಫೋನು ಮಾಡಿ ಹೇಳಿದೆ. ಅವರು ಬಯ್ಯಲಿಲ್ಲ.

“ಆಯ್ತು. ಇನ್ನು ಅವಸರ ಇಲ್ಲ ಬಿಡಿ,” ಎಂದರು. ಸಮಾಧಾನ ಮಾಡಿಕೊಂಡರು ಎಂದುಕೊಂಡೆ.

ಆ ಚಳಿಗಾಲದಲ್ಲಿ ಅವರ ಆರೋಗ್ಯ ಕೆಟ್ಟಿತು. ನಾನು ನೋಡಲು ಹೋದದ್ದು ಎರಡು ಸಲ. ಎರಡೂ ಸಲ ಮಾತು ಹಾಕಿಯ ಮೇಲೇ. ಎಲ್ಲೋ ನಡೆಯುತ್ತಿದ್ದ ಪಂದ್ಯ ಟಿವಿಯಲ್ಲಿತ್ತು. ಈಗಿನ ಗೋಲ್‌ಕೀಪರುಗಳ ಪ್ಯಾಡು ಹಾಸಿಗೆಯಷ್ಟು ದಪ್ಪ, ಅದನ್ನು ಕಟ್ಟಿಕೊಂಡು ನಿಂತರೆ ತಮ್ಮ ಹೆಂಡತಿಯೂ ಗೋಲು ತಡೆಯುತ್ತಾಳೆ ಎಂದು ಅವರು ನಗಿಸಿದರು. ದಿವಾದ ಮಾತು ಅವರು ಎತ್ತಲಿಲ್ಲ. ನಾನು ಎತ್ತಲು ಬಿಡಲಿಲ್ಲ.

ತೀರಿಕೊಂಡ ಹತ್ತನೆಯ ದಿನಕ್ಕೆ ಸಂಘದ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ. ಕಲ್ಯಾಣದಿಂದ ಜೋಶಿ ಬಂದಿದ್ದ, ಮೂರು ಸ್ಟ್ರೋಕುಗಳ ಕಥೆ ಮತ್ತೆ ಹೇಳಿದ, ಮುದುಕನಾದರೂ ಕಾಲಗಲಿಸಿ ತೋರಿಸಿದ. ಕೊನೆಯ ಸಾಲಿನಲ್ಲಿ ಬಿಳಿಯ ಅಂಗಿ ತೊಟ್ಟ, ಹೆಗಲು ಒಂದು ಕಡೆ ಇಳಿದ, ಉದ್ದ ಕೈಗಳ ಒಬ್ಬರು ಕೂತಿದ್ದರು. ಅಣ್ಣನವರ ಮಗಳು ನನ್ನ ಕಿವಿಯಲ್ಲಿ, “ಅವರೇ ದಿವಾ ಅಂಕಲ್. ಪಪ್ಪನ ಟೀಮಿನವರು. ನಾನೇ ಫೋನ್ ಮಾಡಿದ್ದು,” ಎಂದಳು. ಕಾರ್ಯದರ್ಶಿಗಳು ಅವರನ್ನು ವೇದಿಕೆಗೆ ಕರೆದು, ನಾಲ್ಕು ಮಾತಾಡಿ ಎಂದರು.

ಅವರು ಹಿಂದಿಯಲ್ಲಿ ಮಾತಾಡಿದರು. ಮೈಕು ಹಿಡಿದ ರೀತಿ ನೋಡಿದರೆ ಮೊದಲ ಸಲ ಹಿಡಿದವರು.

“ಹಮಾರೀ ಟೀಮ್ ಕಾ ಸಬ್‌ಸೇ ಬಡಾ ಗೋಲಿ ಯಹೀ ಥಾ,” ಎಂದು ಅಣ್ಣನವರ ಫೋಟೋ ತೋರಿಸಿದರು. ತಂಡದ ಅತಿ ದೊಡ್ಡ ಗೋಲ್‌ಕೀಪರ್ ಇವನೇ. ಆ ಫೈನಲ್ಲಿಗೆ ತಾನು ತಡವಾಗಿ ಬಂದೆನೆಂದೂ, ಖಬರು ತಂದವನಿಗೆ ತನ್ನ ಚಾಳು ಸಿಗಲಿಲ್ಲವೇನೋ ಎಂದೂ, ಅಥವಾ ಹೆಂಡತಿ ಹೇಳುತ್ತಿದ್ದ ಹಾಗೆ ತಾನೇ ಕುಡಿದ ಅಮಲಿನಲ್ಲಿ ಅವನನ್ನು ಬೈದು ಕಳಿಸಿ ಮರೆತೆನೇನೋ ಎಂದೂ ಹೇಳಿ ನಕ್ಕರು. ಸಭೆಯೂ ನಕ್ಕಿತು. “ಆದದ್ದು ಒಳ್ಳೆಯದೇ ಆಯಿತು. ನಾನು ನಿಂತಿದ್ದರೆ ಮೂರು ಸ್ಟ್ರೋಕು ತಡೆಯುತ್ತಿರಲಿಲ್ಲ. ಒಂದು ಮಾತು ಹೇಳುತ್ತೇನೆ. ಹಿಂದಿನ ದಿನ ಸಂಜೆ ನಾನು ದಿವಾ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದೆ. ಹಳಿ ದಾಟುವ ರಸ್ತೆಯ ಫಾಟಕ್ ಮುಚ್ಚಿರಲಿಲ್ಲ, ಹಾಗಾಗಿ ಫಾಸ್ಟ್ ಗಾಡಿ ಆಮೆಯ ಹಾಗೆ ಹೋಗುತ್ತಿತ್ತು. ಬಾಗಿಲಲ್ಲಿ ಇವನು! ನಾನು ಕೈ ಎತ್ತಿದೆ. ಇವನೂ ನನ್ನನ್ನು ನೋಡಿ ಕೈ ಎತ್ತಿದ. ನಾಳೆ ಗೆಲ್ಲೋಣ ಅನ್ನುವ ಹಾಗೆ. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.”

ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ದಿವಾ ಸರ್ರಂತ ಹೋಯಿತು ಎಂದಿದ್ದರಲ್ಲ ಅಣ್ಣ! ಗಾಡಿ ತೆವಳುತ್ತಿತ್ತು. ಮನುಷ್ಯ ಎದುರಿಗೇ ನಿಂತಿದ್ದ. ‘ಎರಡು ಗಂಟೆಗೆ’ ಎಂದು ಒಂದು ಕೂಗು ಕೂಗಿದ್ದರೆ ಸಾಕಿತ್ತು. ಕೂಗುವ ಬದಲು ಕೈ ಎತ್ತಿದರು. ತಪ್ಪೊಪ್ಪಿಕೊಂಡ ದಿನವೂ ಇಷ್ಟನ್ನು ನುಂಗಿಕೊಂಡೇ ಒಪ್ಪಿಕೊಂಡರು. ಹಾರ ಹಾಕಿದ ಆ ಫೋಟೋದ ಮೇಲೆ ನನಗೆ ಎಂಥ ಕೋಪ ಬಂತೆಂದರೆ, ಮೈಕು ಹಿಡಿದ ಈ ಮುದುಕನಿಗೆ ಇವತ್ತೇ ಎಲ್ಲ ಹೇಳಿಬಿಡಬೇಕು, ಇನ್ನು ಒಂದು ದಿನ ತಡಮಾಡಿದರೆ ನಾನು ಮನುಷ್ಯನಲ್ಲ ಎಂದುಕೊಂಡೆ.

ಸಭೆ ಮುಗಿದ ಮೇಲೆ ಸ್ಟೇಷನ್ನಿನವರೆಗೆ ಬಿಡುತ್ತೇನೆಂದು ಅವರ ಜೊತೆ ಹೊರಟೆ. ಮಧ್ಯಾಹ್ನ ಹನ್ನೆರಡೂವರೆ, ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆ. ಬೆಂಚಿನ ಮೇಲೆ ಕೂತು, ನನ್ನ ಮುರುಕು ಹಿಂದಿಯಲ್ಲಿ, ಎಲ್ಲವನ್ನೂ ಹೇಳಿದೆ. ಮ್ಯಾನೇಜರು ಯಾರ ಕೈಲಿ ಖಬರು ಕಳಿಸಿದ್ದು, ಅಣ್ಣ ಎಲ್ಲಿ ಇಳಿದದ್ದು, ಯಾವ ಗಾಡಿ ಹತ್ತದೆ ನಿಂತದ್ದು, ಮರುದಿನ ಹೂಂ ಎಂದದ್ದು. ಹೇಳುವಾಗ ನನ್ನ ದನಿಯಲ್ಲಿ ನ್ಯಾಯಾಧೀಶನ ಠೀವಿ ಇತ್ತು ಎಂದು ಈಗ ಅನಿಸುತ್ತದೆ.

ಠಾಣೆಯ ಕಡೆಯ ಸ್ಲೋ ಬಂತು, ನಿಂತಿತು, ಹೋಯಿತು. ಅವರು ಏಳಲಿಲ್ಲ. ಉದ್ದ ಕೈಗಳೆರಡನ್ನೂ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದರು.

“ಅಂದರೆ, ನಾನು ಅವತ್ತು ಯಾರನ್ನೂ ಬೈದು ಕಳಿಸಲಿಲ್ಲ,” ಎಂದರು ಕೊನೆಗೆ.

“ಇಲ್ಲ. ಯಾರೂ ಬರಲೇ ಇಲ್ಲ.”

“ನನಗೇ ನಂಬಿಕೆ ಇರಲಿಲ್ಲ. ಸಂಜೆ ಸ್ವಲ್ಪ ಕುಡಿದಿದ್ದೆ, ಹೆಂಡತಿ ಮನೆಯಲ್ಲಿರಲಿಲ್ಲ. ಅವಳು ಅಷ್ಟು ಖಾತ್ರಿಯಾಗಿ ಹೇಳುವಾಗ, ಇರಬಹುದು ಎಂದುಕೊಂಡೆ. ಮೂವತ್ತೈದು ವರ್ಷ ಇರಬಹುದು ಎಂದುಕೊಂಡೆ.” ಆಮೇಲೆ ಕೇಳಿದರು, “ಅವನು ಇದನ್ನು ನಿಮಗೆ ಯಾವಾಗ ಹೇಳಿದ?”

“ಹೋದ ವರ್ಷಕ್ಕಿಂತ ಹಿಂದಿನ ವರ್ಷ. ನವೆಂಬರಿನಲ್ಲಿ.”

“ನನ್ನ ಹೆಂಡತಿ ಹೋದದ್ದು ಹೋದ ಗಣಪತಿ ಹಬ್ಬದಲ್ಲಿ. ಸೆಪ್ಟೆಂಬರ್,” ಎಂದರು. ನನಗೆ ಆಕೆ ತೀರಿಕೊಂಡದ್ದೇ ಗೊತ್ತಿರಲಿಲ್ಲ. “ಕೊನೆಯ ದಿನ ಆಸ್ಪತ್ರೆಯಲ್ಲೂ ಅದನ್ನೇ ಅಂದಳು. ಅವತ್ತೊಂದು ದಿನ ನೀವು ಕುಡಿಯಬಾರದಿತ್ತು ಅಂತ.”

ಅವರು ಬೆರಳು ಮಡಚತೊಡಗಿದರು. ಡಿಸೆಂಬರ್, ಜನವರಿ, ಫೆಬ್ರವರಿ. ಬಾಯಲ್ಲಿ ಹೇಳುತ್ತ, ಒಂದೊಂದೇ. ಎಡಗೈ ಮುಗಿದು ಬಲಗೈಗೆ ಬಂದರು. ಸೆಪ್ಟೆಂಬರಿಗೆ ಹತ್ತೂ ಬೆರಳು ಮಡಚಿದವು. ಆ ಎರಡು ಮುಷ್ಟಿಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮುಂದಿನ ಸ್ಲೋ ಬಂದು ನಿಂತಿತು. ಅವರು ನಿಧಾನವಾಗಿ ಎದ್ದು, ಬಾಗಿಲ ಕಂಬಿ ಹಿಡಿದು ಹತ್ತಿ, ತಿರುಗಿ ನಿಂತರು.

“ನೀವಾದರೂ ಬಂದು ಹೇಳಬಹುದಿತ್ತಲ್ಲ, ಸಾಬ್,” ಎಂದರು. “ದಿವಾ ಏನು ದೂರ?”